ಜಗತ್ತೇ ಹಾಡಿದ ಗಂಡನ ಹೆಸರು

ಕಾಶೆವ್ವನಿಗೂ ಒಂದು ಸ್ವಂತ ಹೆಸರಿದೆ ಎಂಬುದನ್ನು ಊರು ಮರೆತು ಎಷ್ಟೋ ಕಾಲವಾಗಿತ್ತು. ಹಳಿಯಾಳದಿಂದ ದಾಂಡೇಲಿಗೆ ಹೋಗುವ ರಸ್ತೆ ಬಿಟ್ಟು ಒಳಕ್ಕೆ ಹೊರಳಿದರೆ ಸಿಗುವ ಆ ಸಣ್ಣ ಊರಿನಲ್ಲಿ ಅವಳು ಹಿರಿಯರಿಗೆ ಈಶಪ್ಪನ ಹೆಂಡತಿ, ನಡುವಯಸ್ಸಿನವರಿಗೆ ರುದ್ರೇಶನ ಅವ್ವ, ಕಾಲೇಜಿಗೆ ಹೋಗುವವರಿಗೆ ರಾಜಶ್ರೀಯ ಆಯಿ. ಗಂಡ ಈಶಪ್ಪನಿಗೆ ಅವಳು ಬರೀ ‘ಏ’. ಹಿತ್ತಲಲ್ಲಿದ್ದರೆ ಉದ್ದನೆಯ ‘ಏ’. ನಾಲ್ಕು ಜನ ಕೂತಿದ್ದಾಗ ಅದೂ ಇಲ್ಲ, ಒಂದು ಕೆಮ್ಮು. ಚಹಾ ಬೇಕೆನ್ನುವ ಕೆಮ್ಮು ಯಾವುದು, ಕನ್ನಡಕ ಕಾಣದ ಕೆಮ್ಮು ಯಾವುದು, ಬಂದವರು ಬೇಗ ಎದ್ದು ಹೋಗಲಿ ಎನ್ನುವ ಕೆಮ್ಮು ಯಾವುದು ಎಂದು ಕಾಶೆವ್ವ ಒಲೆಯ ಮುಂದೆ ಕೂತೇ ಗುರುತು ಹಿಡಿಯುತ್ತಿದ್ದಳು. ಹೀಗೆ ಹೆಸರಿಲ್ಲದೆಯೇ ಸಂಸಾರ ಸುಸೂತ್ರವಾಗಿ ನಡೆದಿತ್ತು, ಈಶಪ್ಪನ ಹೆಸರು ಲಂಡನ್ನಿಗೆ ಹೋಗುವ ತನಕ.

ಹೋದದ್ದು ಕಾಶೆವ್ವನ ಬಾಯಿಂದಲೇ.

ಅವರ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಸುಮ್ಮಸುಮ್ಮನೆ ನಾಲಿಗೆಗೆ ತರುವಂತಿಲ್ಲ. ತಂದರೆ ಅವನ ಆಯುಷ್ಯ ಸವೆಯುತ್ತದಂತೆ. ಆದರೆ ಮದುವೆ, ಸೀಮಂತದಂಥ ಕಾರ್ಯಗಳಲ್ಲಿ ಅದೇ ಹೆಸರನ್ನು ಹೇಳದೆ ಬಿಡುವಂತೆಯೂ ಇಲ್ಲ. ಹೆಂಗಸರು ಹೊಸ್ತಿಲಿಗೆ ಅಡ್ಡ ನಿಂತು, ಹೆಸರು ಹೇಳಿ ಒಳಗೆ ಬಾ ಎಂದು ಹಟ ಹಿಡಿಯುತ್ತಾರೆ. ಆಗ ಹೆಸರನ್ನು ಒಂದು ಪದ್ಯದ ಬಾಲಕ್ಕೆ ಕಟ್ಟಿ ಹೇಳಬೇಕು. ಅದೇ ಒಡಪು. ಮದುವೆಯಾಗಿ ಮನೆ ತುಂಬುವ ದಿನ ಮಾತ್ರ ಮದುಮಗನೂ ಹೆಂಡತಿಯ ಹೆಸರಿಗೆ ಒಂದು ಒಡಪು ಹೇಳಬೇಕು. ಒಡಪಿನಲ್ಲಿ ಬಂದ ಹೆಸರು ಗಂಡನ ಆಯುಷ್ಯಕ್ಕೆ ಏನೂ ಮಾಡುವುದಿಲ್ಲ, ಮಾನಕ್ಕೆ ಮಾತ್ರ ಏನಾದರೂ ಮಾಡಬಹುದು. ಉಳಿದ ಹೆಂಗಸರು ಬೆಳ್ಳಿ ಬಟ್ಟಲು, ಗಂಧದ ಕೊರಡು ಎಂದು ಅಜ್ಜಿ ಕಾಲದ ಸಾಲು ಹೇಳಿ ನಾಚಿಕೊಂಡು ಒಳಗೆ ಹೋಗುತ್ತಿದ್ದರು. ಕಾಶೆವ್ವ ಹಾಗಲ್ಲ. ಅವಳದು ಪ್ರತಿ ಸಲವೂ ಹೊಸ ಒಡಪು, ಪ್ರತಿ ಸಲವೂ ಈಶಪ್ಪನ ಬೆವರು.

ಹಳಿಯಾಳದಲ್ಲಿ ಅವಳ ತಂಗಿಯ ಮಗ ಸಚಿನನ ಮದುವೆಯಾದಾಗ ಮೈಕಿನವನಾಗಿ ಬಂದವನು ಕುಬೇರ. ಮುಂಡಗೋಡದ ಕಡೆಯ ಕಾಡಂಚಿನ ಒಂದು ಹಾಡಿಯ ಹುಡುಗ, ಎತ್ತರದ ಆಳು, ಮಾತು ಕಡಿಮೆ. ತಾಯಿಯ ಹೆಸರಿನಲ್ಲಿ ‘ನಾನಿಬಾಯಿ ಸೌಂಡ್ಸ್’ ಎಂದು ಬರೆಸಿದ ಸ್ಪೀಕರ್ ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸಿ, ಹೊಸ್ತಿಲ ಹತ್ತಿರ ಒಂದು ಮೈಕು ಇಟ್ಟಿದ್ದ. ಮದುಮಕ್ಕಳದಾದ ಮೇಲೆ ಹಿರಿಯರ ಪಾಳಿ ಬಂತು. ಹೆಂಗಸರು ಕಾಶೆವ್ವನನ್ನು ಎಳೆದು ತಂದು ನಿಲ್ಲಿಸಿದರು. ಅವಳು ಸೆರಗು ಸರಿಮಾಡಿಕೊಂಡು, ತನ್ನ ದಪ್ಪ ದನಿಯಲ್ಲಿ, ಒಂದೊಂದೇ ಸಾಲನ್ನು ಕಾಳು ಆರಿಸಿದ ಹಾಗೆ ನಿಧಾನವಾಗಿ ಇಟ್ಟಳು:

ಗ್ವಾಂಜಾಳದ ಹೊಲದಾಗ ಬೆದರಬೊಂಬಿ ಒಂದಪ್ಪಾ,
ಹಂದಿ ಅಂಜಲಿಲ್ಲ, ಆನಿ ಅಂಜಲಿಲ್ಲ, ಹಕ್ಕಿಗೆ ಅದು ಕಂಬಪ್ಪಾ,
ಬೊಂಬಿ ಕಂಡು ಓಡಿ ಬಂದವರು ನಮ್ಮನಿ ಈಶಪ್ಪಾ.

ಗೋವಿನಜೋಳ ಕಾಯಲು ಹೋಗಿ ಬೆದರುಬೊಂಬೆಗೇ ಬೆದರಿ ಬಂದ ಗಂಡನ ಸುದ್ದಿ ಕೇಳಿ ಪೆಂಡಾಲಿನಲ್ಲಿ ನಗೆ ಎದ್ದು ಅಡುಗೆಯವರ ತನಕ ಹೋಯಿತು. ಈಶಪ್ಪ ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡು ಗೋಡೆಯ ಕಡೆ ಹೊರಳಿ ಕೂತ. ಕುಬೇರ ನಗಲಿಲ್ಲ. ಅವನ ಕಿವಿ ಆ ದನಿಗೆ ಅಂಟಿಕೊಂಡುಬಿಟ್ಟಿತ್ತು.

ಮಳೆಗಾಲದಲ್ಲಿ ಮದುವೆಗಳಿಲ್ಲ, ಡಬ್ಬಿಗಳಿಗೆ ತಾಡಪತ್ರಿ ಹೊದಿಸಿ ಕೂತಿರಬೇಕು. ಕುಬೇರ ಆ ಬಿಡುವಿನಲ್ಲಿ ಲ್ಯಾಪ್‌ಟಾಪು ತೆರೆದು ಮದುವೆಯಲ್ಲಿ ಹಿಡಿದಿಟ್ಟ ದನಿಯನ್ನು ಇನ್ನಷ್ಟು ನಿಧಾನ ಮಾಡಿದ, ಇನ್ನಷ್ಟು ದಪ್ಪ ಮಾಡಿದ. ಹೆಣ್ಣಿನದೋ ಗಂಡಿನದೋ ಎಂದು ತಿಳಿಯದಂತಾಯಿತು, ಬಾವಿಯೇ ಮಾತಾಡಿದಂತಾಯಿತು. ಅದರ ಕೆಳಗೆ ಜಮೈಕಾ ಕಡೆಯ ರೆಗೇ ತಾಳ ಹಾಕಿದ, ತಾಳಕ್ಕೆ ಅಲ್ಲಲ್ಲಿ ತಮ್ಮ ಹಾಡಿಯ ಡೋಲು ಸೇರಿಸಿದ. ಪೆಟ್ಟು ಬೀಳಬೇಕಾದ ಕಡೆ ಬೀಳದೆ, ಒಂದು ಗಳಿಗೆ ಸತಾಯಿಸಿ ಬೀಳುವ ತಾಳ ಅದು. ಮುಂದೆ ಕಾಶೆವ್ವ ಮೊದಲ ಸಲ ಅದನ್ನು ಕೇಳಿದಾಗ, ಎಡಗಾಲು ಎಳೆಯುವ ಎತ್ತನ್ನು ಗಾಡಿಗೆ ಹೂಡಿದ ಹಾಗಿದೆ, ಆದರೂ ಗಾಡಿಯಿಂದ ಇಳಿಯಲು ಮನಸ್ಸು ಬರುವುದಿಲ್ಲ ಎಂದಳು.

ಹಾಡನ್ನು ಇಂಟರ್ನೆಟ್ಟಿಗೆ ಏರಿಸುವಾಗ ಹಾಡಿದವರ ಹೆಸರು ಬೇಕಾಯಿತು. ಕುಬೇರ ಫೋನು ಮಾಡಿದ. ಎತ್ತಿದವಳು ಕಾಶೆವ್ವನೇ. ಮದುವೆಯಲ್ಲಿ ನೀವು ಹೇಳಿದ್ದನ್ನು ಹಾಡು ಮಾಡಿದ್ದೇನೆ, ಹೆಸರು ಏನೆಂದು ಹಾಕಲಿ ಎಂದು ಕೇಳಿದ. ಹೆಸರು ಎಂದು ಯಾರಾದರೂ ಕೇಳಿದರೆ ಅದು ಮನೆಯ ಗಂಡಸಿನ ಹೆಸರೇ ಎಂದು ಕಾಶೆವ್ವನಿಗೆ ಜನ್ಮದ ರೂಢಿ. ರೇಷನ್ನಿನವರಿರಲಿ, ಕರೆಂಟಿನವರಿರಲಿ, ಬಾಗಿಲಿಗೆ ಬಂದವರೆಲ್ಲ ಕೇಳಿದ್ದು ಅದನ್ನೇ. ಆ ಹೆಸರನ್ನು ಅವಳು ಫೋನಿನಲ್ಲಿ ಹೇಗೆ ಹೇಳಿಯಾಳು?

“ನನ್ನ ಬಾಯಿಲೆ ಯಾಕ ಹೇಳಸ್ತಿ ತಮ್ಮಾ? ಹಾಡಿನಾಗಽ ಐತೆಲ್ಲ, ಅದನ್ನಽ ಹಾಕು,” ಎಂದಳು.

ಅವಳ ಇಷ್ಟವೇ ಅದಿರಬೇಕೆಂದು ಕುಬೇರ ಹಾಗೇ ಹಾಕಿದ. ಹಾಡಿನ ಹೆಸರು ಈಶಪ್ಪ. ಹಾಡಿದವರು ಈಶಪ್ಪ.

ಆಮೇಲೆ ಆ ಹಾಡು ಅಜ್ಜಿ ಕತೆಯ ಮಾಯದ ಕುದುರೆಯಂತೆ ಓಡಿತು. ಮೊದಲು ಮೌಳಂಗಿಯ ಹೊಳೆದಂಡೆಯಲ್ಲಿ ಪ್ರವಾಸಿಗಳು ಹಾಕಿಕೊಂಡು ಕುಣಿದರು. ರಾಫ್ಟಿಂಗಿನ ಹುಡುಗರು ಕಾಳಿ ನದಿಯ ನೀರಿನಲ್ಲಿ ಹುಟ್ಟು ಹಾಕುತ್ತ ‘ಓಡಿ ಬಂದವರು’ ಎಂದು ಒಬ್ಬ ಕೂಗಿದರೆ ಉಳಿದವರು ‘ಈಶಪ್ಪಾ’ ಎಂದು ಹುಟ್ಟು ಎಳೆದರು. ಜೋಯಿಡಾದ ಘಟ್ಟ ಇಳಿಯುವ ಲಾರಿಗಳಲ್ಲಿ ಕೂತು ಅದು ಗೋವಾಕ್ಕೂ ಹೋಯಿತು. ಅನಮೋಡದ ಚೆಕ್‌ಪೋಸ್ಟಿನಲ್ಲಿ ಆ ಕಡೆಯಿಂದ ಬರುವ ಬಾಟಲಿಗಳನ್ನು ಹಿಡಿಯುತ್ತಾರೆಯೇ ಹೊರತು ಈ ಕಡೆಯಿಂದ ಹೋಗುವ ಹಾಡನ್ನು ಯಾರು ಹಿಡಿಯುತ್ತಾರೆ? ಗೋವಾದ ದಂಡೆಯಲ್ಲಿ ಅದನ್ನು ಕೇಳಿದವಳು ಶೆರಿಲ್ ಎಂಬ ಹೆಣ್ಣುಮಗಳು. ಲಂಡನ್ನಿನವಳು, ತಂದೆತಾಯಿ ಜಮೈಕಾದವರು, ಹಾಡು ಕಟ್ಟುವುದೇ ಅವಳ ಕಸುಬು. ಕುಬೇರನನ್ನು ಹುಡುಕಿ ಮಾತಾಡಿದಳು, ಹಾಡಿಗೆ ತುತ್ತೂರಿ ಸೇರಿಸಿದಳು, ನಡುವೆ ತಾನೂ ನಾಲ್ಕು ಸಾಲು ಇಂಗ್ಲಿಷಿನಲ್ಲಿ ಹಾಡಿದಳು. ಹೊಸ ರೂಪದಲ್ಲಿ ಹೊರಬಂದ ‘ಈಶಪ್ಪ’ ಏಳು ಸಮುದ್ರ ದಾಟಿತು.

ಅಲ್ಲಿ ವಾರವಾರವೂ ಯಾವ ಹಾಡು ಮೇಲೆ, ಯಾವುದು ಕೆಳಗೆ ಎಂದು ಲೆಕ್ಕ ಹಾಕುತ್ತಾರಂತೆ. ಮೊಮ್ಮಗಳು ರಾಜಶ್ರೀ ಇದನ್ನು ವಿವರಿಸಿದಾಗ ಕುಸ್ತಿಯ ಹುಚ್ಚಿನ ಆ ಊರಿಗೆ ಕೂಡಲೇ ತಿಳಿಯಿತು. ಕಟ್ಟೆಯ ಮೇಲೆ ಕೂತವರು ಶುಕ್ರವಾರ ಬಂದರೆ ಈ ವಾರ ನಮ್ಮ ಈಶಪ್ಪ ಯಾರನ್ನು ಚಿತ್ ಮಾಡಿದ ಎಂದು ಕೇಳತೊಡಗಿದರು. ಜಮೈಕಾದ ಹಾಡೊಂದನ್ನು ಕೆಡವಿದ. ಹಾಲೆಂಡಿನಲ್ಲಿ ಮೂರನೆಯವನಾದ. ಇಂಗ್ಲೆಂಡಿನ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ಕಾಲಿಟ್ಟ. ನ್ಯೂಜಿಲೆಂಡ್ ಎಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ, ಆದರೆ ಅಲ್ಲಿ ಒಂದನೇ ಜಾಗಕ್ಕೆ ಇನ್ನು ಒಂದೇ ಮೆಟ್ಟಿಲು ಎಂದು ದನ ಕಾಯುವವರಿಗೂ ಗೊತ್ತಾಯಿತು.

ಟಿ.ವಿ.ಯವರು ಬಂದರು. ಈಶಪ್ಪ ಯಾರು ಎಂದು ಕೇಳಿದರು. ಈಶಪ್ಪ ನಾನೇ ಎಂದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ನೀವು ಹಾಡಿದ್ದೋ ಎಂದು ಅವರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ದಾಂಡೇಲಿಯ ಸಂಘದವರು ಶಾಲು ಹೊದಿಸಿದರು, ಹಳಿಯಾಳದವರು ಇನ್ನೊಂದು ಹೊದಿಸಿದರು, ಮುಂಡಗೋಡದವರು ಶಾಲಿನ ಜೊತೆ ಪೇಟವನ್ನೂ ತೊಡಿಸಿದರು. ಹಾಡಿರೆಂದು ಯಾರಾದರೂ ಒತ್ತಾಯಿಸಿದರೆ ಗಂಟಲು ಹಿಡಿದುಕೊಂಡು ಕೈಯಾಡಿಸುತ್ತಿದ್ದ. ಒಬ್ಬ ಪರದೇಶದ ವರದಿಗಾರನಿಗಂತೂ, ಅದು ಆನೆಯನ್ನು ಓಡಿಸಿ ಬಂದ ರೈತನ ಹಾಡು ಎಂದು ಅರ್ಥ ಬಿಡಿಸಿ ಹೇಳಿದ.

ಕಾಶೆವ್ವ ಮೊದಮೊದಲು ಇದನ್ನೆಲ್ಲ ಗೊಂಬೆಯಾಟ ನೋಡಿದ ಹಾಗೆ ನೋಡಿದಳು. ಸೂತ್ರ ತನ್ನ ಕೈಯಲ್ಲೇ ಇದೆ ಎಂದುಕೊಂಡಿದ್ದಳು. ಒಂದು ದಿನ ರೊಟ್ಟಿ ಬಡಿಯುತ್ತ ಕೂತಾಗ ರಾಜಶ್ರೀ ಫೋನು ಹಿಡಿದು ಪಟ್ಟಿ ಓದಿದಳು. ಹಾಡು, ಈಶಪ್ಪ. ಹಾಡಿದವರು, ಶೆರಿಲ್ ಮತ್ತು ಈಶಪ್ಪ. ಸಂಗೀತ, ಕುಬೇರ.

“ಮತ್ತ ನಾನು?” ಎಂದಳು ಕಾಶೆವ್ವ.

ರಾಜಶ್ರೀ ಬೆರಳಿನಿಂದ ಪರದೆಯನ್ನು ಮೇಲೆ ಸರಿಸಿದಳು, ಕೆಳಗೆ ಸರಿಸಿದಳು. ಎಲ್ಲೂ ಇರಲಿಲ್ಲ. ಕಾಶೆವ್ವನ ಕೈಯೊಳಗಿನ ಹಿಟ್ಟು ತಾನಾಗಿಯೇ ತಿರುಗುವುದನ್ನು ನಿಲ್ಲಿಸಿತು. ತಾನು ನೋಡಿರದ ಊರುಗಳಲ್ಲೆಲ್ಲ ತನ್ನ ದನಿ ತಿರುಗುತ್ತಿದೆ, ಯಾರದೋ ಕಾರಿನಲ್ಲಿ ಕೂತಿದೆ, ಯಾರದೋ ಮದುವೆಯಲ್ಲಿ ಕುಣಿದಿದೆ. ಆದರೆ ಅದರ ಮೈಮೇಲೆ ಗಂಡನ ಶಾಲು. ಫೋನಿನಲ್ಲಿ ತಾನೇ ಆಡಿದ ಮಾತು ನೆನಪಾಗಿ ತನ್ನ ಮೇಲೆಯೇ ನಗು ಬಂತು, ನಗುವಿನ ಹಿಂದೆಯೇ ಸಿಟ್ಟು ಬಂತು. ಆ ಹಾಡಿನ ಮೇಲೆ ತನ್ನ ಹೆಸರು ಬರಬೇಕು. ಅಷ್ಟೇ. ಮತ್ತೇನೂ ಬೇಡ.

ಸುದ್ದಿ ತಿಳಿದು ಕುಬೇರ ಬೈಕಿನಲ್ಲಿ ಓಡಿ ಬಂದು ತಲೆ ತಗ್ಗಿಸಿ ನಿಂತ. ತಪ್ಪಾತು ಆಯಿ ಎಂದ. ಅಂದೇ ಶೆರಿಲ್‌ಗೆ ತಿಳಿಸಿದ. ಶೆರಿಲ್ ಕೂಡಲೇ ಒಪ್ಪಿದಳು, ಆದರೆ ಅವಳ ಕಂಪನಿಯವರು ಒಪ್ಪಲಿಲ್ಲ. ಶಾಲು ಹೊದ್ದು ಪೇಟ ತೊಟ್ಟ ಈಶಪ್ಪನನ್ನು ಅವರು ಟಿ.ವಿ.ಯಲ್ಲಿ ಕಣ್ಣಾರೆ ಕಂಡಿದ್ದರು. ದನಿ ಯಾರದು ಎಂಬುದನ್ನು ಆತನೇ ವಿಡಿಯೋ ಕರೆಯಲ್ಲಿ ಬಾಯಿಬಿಟ್ಟು ಹೇಳಿದರೆ ಬದಲಿಸುತ್ತೇವೆ ಎಂದರು.

ಈಶಪ್ಪ ಕೆಟ್ಟ ಮನುಷ್ಯನೇನೂ ಅಲ್ಲ. ಶಾಲುಗಳ ಕಡೆ ಒಮ್ಮೆ ಆಸೆಯಿಂದ ನೋಡಿ, ಆಯಿತು ಹೇಳುತ್ತೇನೆ ಎಂದ. ಪೇರಲ ಗಿಡದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತ. ರಾಜಶ್ರೀ ಫೋನು ಹಿಡಿದಳು. ಪರದೆಯೊಳಗೆ ಶೆರಿಲ್ ಮತ್ತು ಕಂಪನಿಯ ಇಬ್ಬರು. ದನಿ ನನ್ನದಲ್ಲ, ನಮ್ಮ ಮನೆಯಲ್ಲಿರುವವರದು ಎಂದು ಈಶಪ್ಪ ಧೈರ್ಯವಾಗಿಯೇ ಹೇಳಿದ. ಅವರ ಹೆಸರೇನು ಎಂದು ಶೆರಿಲ್ ಕೇಳಿದಳು. ರಾಜಶ್ರೀ ಕನ್ನಡದಲ್ಲಿ ಅದನ್ನೇ ಕೇಳಿದಳು. ಈಶಪ್ಪ ಆಕಾಶ ನೋಡಿದ. ಪೇರಲಕಾಯಿ ನೋಡಿದ. ಎದುರಿನ ಕಟ್ಟೆಯ ಮೇಲೆ ಕೂತ ಅಷ್ಟೂ ಗಂಡಸರು ಕುತ್ತಿಗೆ ಉದ್ದ ಮಾಡಿದ್ದನ್ನು ನೋಡಿದ. ನಾಲ್ಕು ಜನರೆದುರು ಹೆಂಡತಿಯ ಹೆಸರು ಹಿಡಿದು ಕರೆದವನನ್ನು ಆ ಕಟ್ಟೆ ಹೇಗೆ ಹುರಿದು ಮುಕ್ಕುತ್ತದೆ ಎಂದು ಅವನಿಗೆ ಗೊತ್ತಿತ್ತು. ಮುಕ್ಕುವವರಲ್ಲಿ ಅವನೂ ಒಬ್ಬನಾಗಿದ್ದವನೇ.

“ರುದ್ರೇಶನ ಅವ್ವ,” ಎಂದ. ಎಂದವನೇ ಎದ್ದು ದನಕ್ಕೆ ನೀರು ಕುಡಿಸಲು ಹೊರಟುಹೋದ.

ಕಂಪನಿಯವರು ಕೇಳಿದ್ದನ್ನು ಕೇಳಿದ ಹಾಗೆ ಬರೆದುಕೊಂಡರು. ಮುಂದಿನ ಶುಕ್ರವಾರ ಹಾಡು ನ್ಯೂಜಿಲೆಂಡಿನಲ್ಲಿ ಒಂದನೇ ಜಾಗಕ್ಕೆ ಏರಿತು. ಹಾಡಿದವರು, ಶೆರಿಲ್ ಮತ್ತು ರುದ್ರೇಶನ ಅವ್ವ. ಗಣೇಶಗುಡಿಯಲ್ಲಿ ಪ್ರವಾಸಿಗಳ ಜೀಪು ಓಡಿಸುವ ರುದ್ರೇಶನಿಗೆ ಊರೆಲ್ಲ ಕೈಕುಲುಕಿತು. ಅವನು ಪೇಡೆಯ ಪೊಟ್ಟಣ ಹಿಡಿದುಕೊಂಡು ನಗುತ್ತ ಮನೆಗೆ ಬಂದ. ಅವ್ವನ ಮುಖ ನೋಡಿ ಪೊಟ್ಟಣವನ್ನು ಬಾಗಿಲಲ್ಲೇ ಇಟ್ಟು ಹಾಗೇ ತಿರುಗಿ ಹೋದ.

ಕಾಶೆವ್ವ ಅವತ್ತು ಗಂಡನ ತಾಟಿಗೆ ರೊಟ್ಟಿ ಹಾಕುತ್ತ ಬಹಳ ಮೆಲ್ಲಗೆ ಮಾತಾಡಿದಳು.

“ನಿಮ್ಮ ಹೆಸರ ಆತು. ಮಗನ ಹೆಸರೂ ಆತು. ಇನ್ನ ಹಿತ್ತಲದಾಗ ಎಮ್ಮಿ ಒಂದು ಉಳದೈತಿ, ಅದರದೂ ಹಾಕ್ಸಿಬಿಡ್ರಿ.”

ಈಶಪ್ಪ ಸಮಾಧಾನ ಹೇಳಲು ನೋಡಿದ. ರುದ್ರೇಶನ ಅವ್ವ ಅಂದರೆ ನೀನೇ ಅಲ್ಲವೇ, ಇಡೀ ಊರಿಗೆ ಗೊತ್ತಲ್ಲವೇ ಎಂದ. ಕಾಶೆವ್ವ, ಊರಿಗೆ ಗೊತ್ತಿರುವುದು ನ್ಯೂಜಿಲೆಂಡಿಗೆ ಹೇಗೆ ಗೊತ್ತಾಗಬೇಕು ಎಂದು ಕೇಳಿದಳು. ಇಷ್ಟು ವರ್ಷ ಹೆಸರಿಲ್ಲದೆ ನಡೆದದ್ದು ಈಗೇಕೆ ನಡೆಯುವುದಿಲ್ಲ ಎಂದು ಅವನು ಗೊಣಗಿದ. ಅವಳು ರೊಟ್ಟಿಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಅವಳು ಬಾಯಿ ಮುಚ್ಚಿಕೊಂಡಳೆಂದರೆ ಒಳಗೆ ಏನೋ ಕುದಿಯಲು ಇಟ್ಟಿದ್ದಾಳೆಂದು ಅರ್ಥ.

ರಾಜಶ್ರೀಯಿಂದ ಕುಬೇರನಿಗೆ, ಕುಬೇರನಿಂದ ಶೆರಿಲ್‌ಗೆ ಮಾತು ಹೋಯಿತು. ಹಾಡು ಕಪ್ಪು ತಟ್ಟೆಯ ರೆಕಾರ್ಡಾಗಿ ಅಚ್ಚಾಗಲಿದೆ, ಮೇಲಿನ ಹೊದಿಕೆಗೆ ಹೆಸರು ಕಳಿಸಲು ಅಂದಿನ ಸಂಜೆಯೇ ಕಡೆ, ಈಗಲೂ ಅದನ್ನು ಈಶಪ್ಪನೇ ಬಾಯಿಬಿಟ್ಟು ಹೇಳಬೇಕು ಎಂದು ಅಲ್ಲಿಂದ ಮಾತು ಬಂತು. ಅಂದೇ ಈಶಪ್ಪ, ಹಾಡಿನ ಹೆಸರಾದರೂ ತನ್ನದೇ ಅಲ್ಲವೇ ಎಂದು, ಕೋಗಿಲಬನದಲ್ಲಿ ಇನ್ನೊಂದು ಶಾಲು ಹೊದ್ದುಕೊಳ್ಳಲು ಹೋಗಿದ್ದ.

ಹೊತ್ತು ಇಳಿಯುವ ಮುಂಚೆ, ಹೊಸ ಶಾಲು ಹೊದ್ದು ಹಣ್ಣಿನ ಬುಟ್ಟಿ ಹಿಡಿದು ಅವನು ಮನೆ ಮುಂದೆ ಬಂದಾಗ ಬಾಗಿಲು ಮುಚ್ಚಿತ್ತು. ಹೊಸ್ತಿಲಿಗೆ ಅಡ್ಡವಾಗಿ ಓಣಿಯ ಹೆಂಗಸರು ನಿಂತಿದ್ದರು. ಮುಂದಾಳು ಪಕ್ಕದ ಮನೆಯ ತಾಯವ್ವ, ಸೊಂಟದ ಮೇಲೆ ಎರಡೂ ಕೈ. ಒಂದು ಬದಿಗೆ ಕುಬೇರ ಡಬ್ಬಿಗಳನ್ನು ಪೇರಿಸಿ ಮೈಕು ನಿಲ್ಲಿಸಿದ್ದ. ರಾಜಶ್ರೀಯ ಕೈಯ ಫೋನಿನಲ್ಲಿ ಶೆರಿಲ್ ಮತ್ತು ಕಂಪನಿಯವರು ಆಗಲೇ ಬಂದು ಕೂತಿದ್ದರು. ಕಟ್ಟೆ ಪೂರ್ತಿ ಖಾಲಿಯಾಗಿ ಅದರ ಮೇಲಿದ್ದವರೆಲ್ಲ ಇಲ್ಲೇ ಬಂದು ನಿಂತಿದ್ದರು.

ಈಶಪ್ಪ ಅಭ್ಯಾಸದಂತೆ ಚಹಾದ ಕೆಮ್ಮು ಕೆಮ್ಮಿದ. ಬಾಗಿಲು ಅಲ್ಲಾಡಲಿಲ್ಲ. ಕನ್ನಡಕದ್ದು ಕೆಮ್ಮಿದ. ಅದೂ ಆಗಲಿಲ್ಲ.

ಬಾಗಿಲಿನ ಒಳಗಿನಿಂದ ಕಾಶೆವ್ವನ ದಪ್ಪ ದನಿ ಬಂತು. “ಮದವಿ ಆಗಿ ಬಂದಾಗ ಒಡಪು ಹೇಳರಿ ಅಂದ್ರ ಮೂಕಬಸವಣ್ಣನಂಗ ನಿಂತಿದ್ರಿ. ನಿಮ್ಮ ಸೋದರತ್ತಿ ಪಾಪ ಹುಡುಗ ನಾಚತೈತಿ ಅಂತ ಕೈ ಹಿಡದು ಒಳಗ ಕರಕೊಂಡ್ರು. ನಾ ಹೇಳಿ ಬಂದೆ, ನೀವು ಹೇಳದಽ ಬಂದ್ರಿ. ಇವತ್ತ ಹೇಳಿ ಬರ್ರಿ.”

ತಾಯವ್ವ ಕೂಡಲೇ ಪಂಚಾಯ್ತಿಯ ತೀರ್ಪು ಕೊಟ್ಟವಳ ಹಾಗೆ ತಲೆಯಾಡಿಸಿದಳು. ಆ ದಿನ ತಾನೂ ಅಲ್ಲೇ ಇದ್ದೆ, ಅವನು ಹೇಳದಿದ್ದದ್ದು ನಿಜ, ಇಷ್ಟು ವರ್ಷ ಈ ಮನೆಯೊಳಗೆ ಅವನು ತಿಂದದ್ದೆಲ್ಲ ಅಕ್ರಮ ಎಂದಳು.

ಈಶಪ್ಪ ಶಾಲಿನ ತುದಿಯಿಂದ ಹಣೆ ಒರೆಸಿಕೊಂಡ. ಬೆಳ್ಳಿ ಬಟ್ಟಲಲ್ಲಿ ಎಂದು ಶುರು ಮಾಡಿದ. ಅದು ಹಳೇದು ಎಂದು ಹೆಂಗಸರು ತಳ್ಳಿಹಾಕಿದರು. ಮಲ್ಲಿಗೆ ಬಳ್ಳಿ ಎಂದ. ಅದು ತನ್ನ ಗಂಡ ಹೇಳಿದ್ದು, ಕದಿಯಬೇಡ ಎಂದು ತಾಯವ್ವ ಗದರಿದಳು. ಪದ್ಯ ಬೇಡ, ಬರೀ ಹೆಸರು ಹೇಳಿಬಿಡುತ್ತೇನೆ ಎಂದು ಅವನು ಚೌಕಾಶಿಗೆ ಇಳಿದ. ‘ಕಾ’ ಎಂದ, ಮುಂದಕ್ಕೆ ಹೋಗಲಾರದೆ ಕಾಗೆಯ ಹಾಗೆ ಅಲ್ಲೇ ನಿಂತ. ಗಂಡಸರೊಳಗೆ ಯಾರೋ ಕಿಸಕ್ಕೆಂದರು.

ಆ ನಗು ಅವನಿಗೆ ಚುಚ್ಚಿತೋ, ಇಲ್ಲ ಧೈರ್ಯ ಕೊಟ್ಟಿತೋ, ಕಾಶೆವ್ವನಿಗೆ ಒಳಗಿನಿಂದ ಕಾಣುವಂತಿರಲಿಲ್ಲ. ಅವಳು ಬಾಗಿಲ ಹಲಗೆಗೆ ಕಿವಿ ಒತ್ತಿ ನಿಂತಿದ್ದಳು. ಹೊರಗೆ ಬುಟ್ಟಿ ಕೆಳಗಿಟ್ಟ ಸದ್ದಾಯಿತು. ಶಾಲು ತೆಗೆದು ಕೊಡವಿದ ಸದ್ದಾಯಿತು. ಆಮೇಲೆ ಮೈಕನ್ನು ಬೆರಳಿನಿಂದ ಎರಡು ಸಲ ತಟ್ಟಿದ ಸದ್ದು, ಅದರ ಹಿಂದೆಯೇ ನಡುಗುವ, ಸಣ್ಣ, ಯಾವ ಶಾಲಿಗೂ ತಕ್ಕದ್ದಲ್ಲದ ದನಿ:

“ನನ್ನ ಹಳೇ ಅಂಗಿ ಬೊಂಬಿಗೆ ತೊಡಿಸಿದಾಕಿ ಯಾರವ್ವಾ,
ಅದನ್ನ ಕಂಡು ನಾ ಓಡಿದ್ರ ಹೊಟ್ಟಿ ಹಿಡಕೊಂಡು ನಕ್ಕಾಕಿ ಯಾರವ್ವಾ,
ಜಗತ್ತಿಗೆಲ್ಲಾ ಅದನ್ನ ಹೇಳಿ, ಬಾಗಿಲಾ ಹಾಕ್ಕೊಂಡು ಕುಂತಾಕಿ ನಮ್ಮನಿ ಕಾಶೆವ್ವಾ.”

ಕಡೆಯ ಮಾತು ನಾನಿಬಾಯಿ ಸೌಂಡ್ಸಿನ ಅಷ್ಟೂ ಡಬ್ಬಿಗಳಿಂದ ಒಟ್ಟಿಗೆ ಹೊರಟು ಓಣಿಯ ಹಂಚುಗಳನ್ನು ನಡುಗಿಸಿತು. ಹಿತ್ತಲಲ್ಲಿ ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತು. ಅದನ್ನು ಹಿಡಿಯಲು ಒಬ್ಬರೂ ಹೋಗಲಿಲ್ಲ.

ತನ್ನ ಹೆಸರು ಇಷ್ಟು ಉದ್ದವಿದೆ ಎಂದು ಬಾಗಿಲ ಹಿಂದಿದ್ದ ಕಾಶೆವ್ವನಿಗೆ ಗೊತ್ತಿರಲಿಲ್ಲ. ಚಿಕ್ಕವಳಿದ್ದಾಗ ತವರಿನ ಹೊಲದ ಬದುವಿನ ಮೇಲಿಂದ ಅವ್ವ ಕೂಗುತ್ತಿದ್ದ ಹೆಸರು ಅದು, ಕೂಗಿದವರು ಹೋದ ಮೇಲೆ ಎಲ್ಲೋ ಬದುವಿನಲ್ಲೇ ಬಿದ್ದುಕೊಂಡಿತ್ತು. ಈಗ ಅದು ಎದ್ದು, ಮಣ್ಣು ಕೊಡವಿಕೊಂಡು, ತನ್ನ ಬಾಗಿಲಿಗೇ ಬಂದು ನಿಂತಿದೆ. ಅವಳ ಕೈ ಚಿಲಕದ ಮೇಲೆ ಹೋಯಿತು. ಆದರೆ ಕೈ ಹೋದಷ್ಟು ಬೇಗ ತುಂಟಬುದ್ಧಿ ಬಿಡಲಿಲ್ಲ.

“ಮೈಕ್ ಸರಿ ಇಲ್ಲೇನೋ,” ಎಂದಳು. “ನನಗ ಕೇಳಸಲಿಲ್ಲ. ಇನ್ನೊಮ್ಮೆ ಹೇಳ್ರಿ.”

ಈಶಪ್ಪ ಇನ್ನೊಮ್ಮೆ ಹೇಳಿದ. ಈ ಸಲ ದನಿ ನಡುಗಲಿಲ್ಲ. ಶೆರಿಲ್ ಲಂಡನ್ನಿನಲ್ಲಿ ಕೂತು ಚಪ್ಪಾಳೆ ಹೊಡೆದಳು. ರಾಜಶ್ರೀ ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು, ಕಂಪನಿಯವರು ಒಂದೊಂದೇ ಅಕ್ಷರ ಬರೆದುಕೊಂಡರು. ಚಿಲಕ ತೆರೆಯಿತು.

ರೆಕಾರ್ಡಿನ ಮೇಲೆ ಕಾಶೆವ್ವ ಎಂದು ಅಚ್ಚಾಯಿತು. ಆ ಹೆಸರು ಪಟ್ಟಿಯಲ್ಲಿ ಬಂದ ವಾರವೇ ಹಾಡು ನ್ಯೂಜಿಲೆಂಡಿನಲ್ಲಿ ಎರಡನೇ ಜಾಗಕ್ಕೆ ಇಳಿಯಿತು. ಇದು ಹೆಸರು ಬದಲಿಸಿದ್ದರ ಫಲ ಎಂದು ಕಟ್ಟೆಯವರು ಹೇಳಿದರು. ಕಾಶೆವ್ವ ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳಿಗೆ ಆಗಲೇ ಬೇರೆ ತಲೆನೋವು ಶುರುವಾಗಿತ್ತು.

ಈಶಪ್ಪನಿಗೆ ಆ ಹೆಸರಿನ ರುಚಿ ಹತ್ತಿಬಿಟ್ಟಿತ್ತು. ಹೊಸ ಪೀಪಿ ಸಿಕ್ಕ ಮಗುವಿನಂತೆ ಬೆಳಗಿನಿಂದ ಸಂಜೆಯ ತನಕ ಅದನ್ನೇ ಊದುತ್ತಿದ್ದ. ಕಾಶೆವ್ವ, ನೀರು. ಕಾಶೆವ್ವ, ನನ್ನ ಚಪ್ಪಲಿ. ಕಾಶೆವ್ವ, ಮೋಡ ಆಗ್ಯಾವ ನೋಡು. ಕಟ್ಟೆಯ ಮೇಲೆ ಕೂತೂ ಕೂಗುತ್ತಿದ್ದ, ಯಾರಾದರೂ ನಕ್ಕರೆ ನಿಮಗೂ ದಮ್ಮಿದ್ದರೆ ನಿಮ್ಮವರನ್ನು ಕೂಗಿ ನೋಡಿರಿ ಎನ್ನುತ್ತಿದ್ದ. ರಾಜಶ್ರೀಗೆ ಓದಲು ಆಗುತ್ತಿರಲಿಲ್ಲ. ಅಜ್ಜ ಅಷ್ಟು ಕೂಗುತ್ತಿದ್ದಾನೆ, ಒಮ್ಮೆಗೇ ಓ ಎನ್ನಬಾರದೇ, ಕೇಳಿಸುವುದಿಲ್ಲವೇ ಎಂದು ಅವಳು ಒಂದು ಮಧ್ಯಾಹ್ನ ಆಯಿಯನ್ನು ಕೇಳಿದಳು.

ಕಾಶೆವ್ವ ಅಕ್ಕಿಯ ಮೊರದಿಂದ ತಲೆ ಎತ್ತಲಿಲ್ಲ. ಅಂಗಳದಿಂದ ಮತ್ತೆ ಕೂಗು ಬಂತು, ಈ ಸಲ ಇನ್ನೂ ಉದ್ದವಾಗಿ. ಅವಳು ಒಂದು ಕಲ್ಲು ಆರಿಸಿ ಎಸೆದಳು, ಇನ್ನೊಂದು ಹುಡುಕಿದಳು.

“ಕೇಳಸತೈತಿ,” ಎಂದಳು. “ಇನ್ನೊಂದೆರಡು ಸಲ ಕರೀಲಿ ತಡಿ.”